ಎರಡೂ ತಂಡಕ್ಕೆ ನಿಂತ ಗೋಲ್‌ಕೀಪರ್

ಮದಲೂರು ಕೆರೆಯ ಆಚೆ ಬದಿಯ ಗೊಲ್ಲರಹಟ್ಟಿಯಿಂದ ಕಾಟಪ್ಪ ಎಲ್ಲಿಗೇ ಹೊರಟರೂ ಹೇಳಿದ ಹೊತ್ತಿಗೆ ತಲುಪಿದವನಲ್ಲ. ಮಂಡಿನೋವು ಅದಕ್ಕೆ ಕಾರಣವಲ್ಲ, ದಾರಿಯಲ್ಲಿ ಸಿಗುವ ಜನ. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಹೂವಿನವರು ಕರೆದು ಕೂರಿಸುತ್ತಾರೆ. ಕೊರಟಗೆರೆಯ ಕ್ಷೌರದಂಗಡಿಯವನು ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ರಸ್ತೆಗೆ ಬಂದು ಮಾತಿಗೆ ನಿಲ್ಲುತ್ತಾನೆ. ಒಮ್ಮೆ ಹೆಂಡತಿ ಗೌರಕ್ಕನ ಜೊತೆ ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋಗಿದ್ದಾಗ ದರ್ಶನದ ಸಾಲಿನಲ್ಲಿದ್ದವರು ಸಾಲು ಬಿಟ್ಟು ಇವನ ಜೊತೆ ಫೋಟೊ ತೆಗೆಸಿಕೊಂಡರು. ಗೌರಕ್ಕ ಆ ಸಿಟ್ಟನ್ನು ಇನ್ನೂ ಮರೆತಿಲ್ಲ. "ಲಕ್ಷ್ಮಮ್ಮನ್ ಎದುರ್ಗೆ ನಿಂದೇನಯ್ಯಾ ಮೆರವಣಿಗೆ" ಎಂದು ಅವತ್ತು ಅಲ್ಲೇ ಗದರಿದ್ದಳು.

ಕಾಟಪ್ಪ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವನು. ಆಟ ಬಿಟ್ಟು ಹದಿನೈದು ವರ್ಷವಾಗಿದ್ದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ಗೋಲ್‌ಕೀಪರ್ ಎಂದರೆ ಜನಕ್ಕೆ ಇವತ್ತಿಗೂ ಅವನೇ. ಅವನು ಆಡಿದ್ದನ್ನು ಕಣ್ಣಿಂದ ನೋಡದ ಹುಡುಗರೂ ಅವನು ಹಿಡಿದ ಚೆಂಡುಗಳ ಕತೆ ಹೇಳುತ್ತಾರೆ, ಹೇಳುವಾಗ ಒಂದಕ್ಕೆ ಎರಡು ಸೇರಿಸುತ್ತಾರೆ. ಕಾಟಪ್ಪನಿಗೆ ಆ ಕತೆಗಳ ಮೇಲೆ ದೊಡ್ಡ ಮೋಹವೇನಿಲ್ಲ. ಗೆದ್ದ ಕಪ್ಪುಗಳು ಅಟ್ಟದ ಮೇಲೆ ತುಕ್ಕು ಹಿಡಿದಿವೆ. ಅವನು ಈಗಲೂ ಕಾಪಾಡಿಕೊಂಡು ಬಂದಿರುವುದು ಒಂದೇ. ಕಾಟಪ್ಪ ಯಾರಿಗೋ ಬಿಟ್ಟುಕೊಟ್ಟ ಎಂದು ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಯಾವತ್ತೂ ಅಂದಿರಲಿಲ್ಲ.

ಕಳೆದ ಫೆಬ್ರವರಿಯ ಒಂದು ಭಾನುವಾರ ಅದಕ್ಕೇ ಸಂಚಕಾರ ಬರುವ ಹಾಗಾಯಿತು.

ಅವತ್ತು ಮಧುಗಿರಿಯ ಮೈದಾನದಲ್ಲಿ ನಾಲ್ಕು ತಾಲ್ಲೂಕು ಕಪ್ಪಿನ ಫೈನಲ್. ಕೊರಟಗೆರೆಗೂ ಪಾವಗಡಕ್ಕೂ ಆಟ. ಕಾಟಪ್ಪನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಹೊರಟವನನ್ನು ಗೌರಕ್ಕ ಬಾಗಿಲಲ್ಲೇ ತಡೆದಳು.

"ಶಾಲು ಹಾಕುಸ್ಕಂಡು ಸುಮ್ಕೆ ಬಂದ್ಬುಡು. ಚೆಂಡು ಕಂಡ ತಕ್ಷಣ ಎಗರಬ್ಯಾಡ. ಮಂಡಿ ನಿಂದು, ಎಣ್ಣೆ ತಿಕ್ಕೋಳು ನಾನು."

"ನಾನ್ಯಾಕೆ ಎಗರ್ಲಿ? ಐವತ್ತೆಂಟಾತು ನಂಗೆ."

"ಮೊಮ್ಮಗೀನ ನಾಮಕರಣದಾಗೆ ಜಗಲಿ ಮ್ಯಾಲಿಂದ ತೆಂಗಿನಕಾಯಿ ಉರುಳ್ತು ಅಂತ ಎಗರ್ದೋನು ಯಾರು? ನಮ್ಮಪ್ಪನಾ?"

ಕಾಟಪ್ಪ ಚಪ್ಪಲಿ ಮೆಟ್ಟಿದ. ಆ ಕಾಯಿಯನ್ನು ಅವನು ಹಿಡಿದಿದ್ದಂತೂ ನಿಜ.

ಕಾಟಪ್ಪನ ಗೋಲ್‌ಕೀಪಿಂಗ್ ಶುರುವಾದದ್ದು ಮೈದಾನದಲ್ಲಲ್ಲ, ಕುರಿರೊಪ್ಪದಲ್ಲಿ. ಅವನು ಹುಡುಗನಾಗಿದ್ದಾಗ ಹಟ್ಟಿಯ ನಾಲ್ಕೈದು ಮನೆಯವರು ಸೇರಿ ಜಾಲಿಮುಳ್ಳಿನ ಬೇಲಿ ಕಟ್ಟಿ ಒಂದೇ ರೊಪ್ಪ ಮಾಡಿಕೊಂಡಿದ್ದರು. ಅದಕ್ಕೆ ಕಿರಿದಾದ ಒಂದು ಬಾಯಿ. ಹಗಲು ತಾಯಿಕುರಿಗಳು ಮೇಯಲು ಹೋದರೆ ಹಾಲುಮರಿಗಳೆಲ್ಲ ಒಳಗಿರುತ್ತಿದ್ದವು. ಸಂಜೆ ಮಂದೆ ಹಟ್ಟಿಗೆ ಬರುವುದೇ ತಡ, ಮರಿಗಳು ಬಾಯಿಗೆ ಮುಗಿಬೀಳುತ್ತಿದ್ದವು. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಎಳೆಯವು ಕಾಲಡಿ ಸಿಗುತ್ತವೆ, ಬಲಿತವು ಯಾರ ತಾಯಿ ಎಂದು ನೋಡದೆ ಸಿಕ್ಕ ಕೆಚ್ಚಲಿಗೆ ಬಾಯಿ ಹಾಕುತ್ತವೆ. ಅದಕ್ಕೇ ಒಬ್ಬರು ಬಾಯಲ್ಲಿ ನಿಂತು ಮರಿಗಳನ್ನು ತಡೆದು, ಎತ್ತಿಕೊಂಡು, ಒಂದೊಂದನ್ನೇ ಅದರ ತಾಯಿಯ ಹತ್ತಿರ ಬಿಡಬೇಕು. ಮೊದಲು ಹೋದ ಮರಿಗೆ ಹೊಟ್ಟೆ ತುಂಬ ಕುಡಿಯಲು ಪುರುಸೊತ್ತು ಸಿಗುತ್ತದೆ. ಹಾಗಾಗಿ ಬಾಯಲ್ಲಿ ನಿಂತವರು ತಮ್ಮ ಮನೆಯ ಮರಿಗಳನ್ನು ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎನ್ನುವುದು ಹಟ್ಟಿಯ ಕಟ್ಟಳೆ.

ಕಟ್ಟಳೆ ಇದ್ದ ಮಾತ್ರಕ್ಕೆ ಎಲ್ಲರೂ ನಡೆಸುತ್ತಿದ್ದರು ಎಂದಲ್ಲ. ನಡೆಸುತ್ತಿದ್ದವಳು ಕಾಟಪ್ಪನ ತಾಯಿ ಚಿಕ್ಕಹನುಮಕ್ಕ. ಅದಕ್ಕೇ ವರ್ಷಗಟ್ಟಲೆ ಆ ಜಾಗ ಅವಳದೇ ಆಗಿತ್ತು. ಅವಳ ಸೊಂಟ ಹಿಡಿದುಕೊಂಡ ವರ್ಷ ಹಟ್ಟಿಯವರು ಮಗನನ್ನು ನಿಲ್ಲಿಸಿದರು. ಹುಡುಗ ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ, ಮರಿಗಳ ಮುಖ ನೋಡದೆ ಹಿಂಗಾಲು ನೋಡುತ್ತಾ ನಿಲ್ಲುತ್ತಿದ್ದ. ಮರಿ ಎತ್ತ ನೆಗೆಯುತ್ತದೆ ಎನ್ನುವುದು ಹಿಂಗಾಲಿನಲ್ಲಿ ಮೊದಲು ಗೊತ್ತಾಗುತ್ತದೆ. ಅದಕ್ಕಿಂತ ಜಾಣತನದ ಇನ್ನೊಂದು ಉಪಾಯವನ್ನೂ ಕಲಿತಿದ್ದ. ಒಂದು ಪಕ್ಕಕ್ಕೆ ಅರ್ಧ ಹೆಜ್ಜೆ ಸರಿದು ಇನ್ನೊಂದು ಪಕ್ಕ ಸಂದಿ ತೋರಿಸುವುದು. ಮರಿ ಆ ಸಂದಿಗೇ ನುಗ್ಗುತ್ತದೆ. ನುಗ್ಗುವುದು ಎಲ್ಲಿಗೆಂದು ಮೊದಲೇ ಗೊತ್ತಿದ್ದರೆ ಹಿಡಿಯುವುದು ಸುಲಭ.

ಬಕ್ರೀದಿಗೆ ಮುಂಚೆ ಕುರಿ ಕೊಳ್ಳಲು ಶಿರಾದಿಂದ ಬಂದ ಇಸಾಕ್ ಇದನ್ನು ನೋಡಿದ. ಅವನು ಕುರಿ ವ್ಯಾಪಾರಿ, ಜೊತೆಗೆ ಶಿರಾ ಫುಟ್‌ಬಾಲ್ ತಂಡದ ಕ್ಯಾಪ್ಟನ್. ಹುಡುಗ ಎರಡು ಮರಿಗಳನ್ನು ಒಂದೇ ಸಲಕ್ಕೆ ಎರಡು ಕಂಕುಳಲ್ಲಿ ಹಿಡಿದದ್ದನ್ನು ಕಂಡವನು ಕುರಿಯ ವ್ಯವಹಾರವನ್ನೇ ಮರೆತ.

"ಅರೆ, ಈ ಹುಡ್ಗ ಯಾರ್ದಮ್ಮಾ?"

"ನಮ್ದೇ ಕಣ್ ಸಾಬ್ರೇ. ಯಾಕೆ, ಮರೀಗೆ ಬಂದೋರು ಮಗನ್ನೂ ಕೇಳಂಗಿದೀರಿ?" ಎಂದಳು ಚಿಕ್ಕಹನುಮಕ್ಕ.

"ಭಾನ್ವಾರ ಒಂದ್ ದಿನ ಕೊಡಿ ಅಮ್ಮಾ. ಜೋಪಾನವಾಗಿ ವಾಪಸ್ ತಂದು ಬಿಡ್ತೀನಿ."

"ಮರಿ ಬುಡೋ ಹೊತ್ಗೆ ಇಲ್ಲಿರ್ಬೇಕು, ಅಷ್ಟೇಯ."

ಆ ಭಾನುವಾರ ಪಾವಗಡದ ಮೇಲೆ ಆಟ. ಗೋಲಿನ ಎರಡು ಕಂಬಗಳ ನಡುವೆ ಕಾಟಪ್ಪ ಬರಿಗಾಲಲ್ಲಿ ನಿಂತ. ಬಂದ ಮೊದಲ ಚೆಂಡನ್ನೇ ಹಾರಿ ಎದೆಗೆ ಅವುಚಿಕೊಂಡ. ಜನ ಹೋ ಎಂದರು. ಮುಂದೇನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಿಡಿದ ಮರಿಯನ್ನು ಮೆಲ್ಲಗೆ ನೆಲಕ್ಕೆ ಬಿಟ್ಟು ಅಭ್ಯಾಸವಿದ್ದವನು ಚೆಂಡನ್ನೂ ಹಾಗೇ ಬಗ್ಗಿ, ಪೆಟ್ಟಾಗದ ಹಾಗೆ ಕಾಲ ಬಳಿ ಇಟ್ಟು ಮುಂದಿನದಕ್ಕೆ ಸಜ್ಜಾಗಿ ನಿಂತ. ಪಾವಗಡದ ಫಾರ್ವರ್ಡ್ ಹಾಲೇಶ್ ಎಂಬ ಹುಡುಗ ನಡೆದುಕೊಂಡು ಬಂದು ಅದನ್ನು ಒಳಕ್ಕೆ ತಳ್ಳಿದ. ಗೋಲು!

ಮೈದಾನ ಬಿದ್ದು ಬಿದ್ದು ನಕ್ಕಿತು. "ಲೇ, ಮರಿ ಕಾಯೋನ್ನ ಕರ್ಕಂಡ್ ಬಂದವ್ರೆ ಕಣ್ರಲಾ!" ಎಂದು ಯಾರೋ ಕೂಗಿದರು. ಇಸಾಕ್‌ಗೂ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ಕೂತ. ಆಮೇಲೆ ಎದ್ದು ಬಂದು ಹುಡುಗನ ಹೆಗಲ ಮೇಲೆ ಕೈ ಇಟ್ಟ. "ಬೇಟಾ, ಇದಕ್ಕೆ ತಾಯಿ ಇಲ್ಲ. ಹಿಡಿದ ಮೇಲೆ ಬಿಡ್ಬೇಡ."

ಕಾಟಪ್ಪ ಆಮೇಲೆ ಬಿಡಲಿಲ್ಲ. ಅವತ್ತಿನ ಆಟದಲ್ಲಿ ಇನ್ನೊಂದು ಗೋಲು ಆಗಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಮರಿ ಕಾಯೋನು ಎನ್ನುವ ಹಂಗಿಸುವ ಮಾತು ಹೊರಳಿ ಮೆಚ್ಚುಗೆಯ ಕೂಗಾಯಿತು. ಅವನು ಚೆಂಡು ಹಿಡಿದಾಗಲೆಲ್ಲ ಮೈದಾನದ ಸುತ್ತ "ಮರಿ ಸಿಕ್ತು!" ಎಂದು ಏಳುತ್ತಿದ್ದ ಕೂಗು ಶಿರಾ ಕೋಟೆಯವರೆಗೂ ಕೇಳುತ್ತಿತ್ತಂತೆ. ಮೈಕ್ ಹಿಡಿಯುತ್ತಿದ್ದ ಇಸಾಕನ ತಮ್ಮ ಉಮರ್ ಅದಕ್ಕೆ ತನ್ನದೊಂದು ಸೇರಿಸಿದ. "ದೀವಾರ್! ಶಿರಾದ ದೀವಾರ್! ಗೋಡೆ ಸ್ವಾಮೀ, ಗೋಡೆ!"

ಆಟ ನೋಡಿದವರೊಬ್ಬರು ತುಮಕೂರಿನ ಒಂದು ಕಾರ್ಖಾನೆಗೆ ಅವನನ್ನು ಸೇರಿಸಿದರು. ಬೆಳಿಗ್ಗೆ ಅಭ್ಯಾಸ, ಹಗಲು ಸ್ಟೋರಿನಲ್ಲಿ ಕೆಲಸ. ಬೂಟು, ಕೈಗವಸು, ಹೆಸರು ಬರೆದ ಬನಿಯನ್ ಎಲ್ಲ ಬಂತು. ಕಾರ್ಖಾನೆಯ ತಂಡ ಬೆಂಗಳೂರಿನಲ್ಲಿ ಲೀಗ್ ಆಡಿ ಗೆದ್ದ ವರ್ಷ ಹಟ್ಟಿಯ ಜನ ಟೆಂಪೊ ಮಾಡಿಕೊಂಡು ಹೋಗಿ ನೋಡಿ ಬಂದರು. ಒಂದೇ ಒಂದು ವಿಷಯದಲ್ಲಿ ಕೋಚು ಅವನ ಜೊತೆ ಸೋತರು. ಎತ್ತರದ ಚೆಂಡನ್ನು ಮುಷ್ಟಿಯಿಂದ ಗುದ್ದು ಎಂದು ಎಷ್ಟು ಹೇಳಿದರೂ ಇವನು ಗುದ್ದಲಿಲ್ಲ. ಎಂಥ ಗುಂಪಿನಲ್ಲೂ ಕೈ ಚಾಚಿ ಅಪ್ಪಿಕೊಳ್ಳುವುದೇ. ರಾಜ್ಯ ತಂಡದ ಆಯ್ಕೆಯ ದಿನ ಮಳೆ ಬಂದಿತ್ತು. ಅಪ್ಪಿಕೊಂಡ ಚೆಂಡು ಜಾರಿತು. ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಬೇಜಾರಾಯಿತಾ ಎಂದು ಈಗಲೂ ಯಾರಾದರೂ ಕೇಳುತ್ತಾರೆ. "ಆತು. ಆದ್ರೆ ಕೈ ಮುಷ್ಟಿ ಕಟ್ಟಾಕೆ ಒಪ್ಪಲ್ವಲ್ಲಪ್ಪಾ, ಏನ್ ಮಾಡ್ಲಿ" ಎನ್ನುತ್ತಾನೆ.

ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಹಟ್ಟಿಗೆ ಬಂದು ಕುರಿ ಕಟ್ಟಿದ. ಮತ್ತೆ ಶಿರಾಕ್ಕೆ ಆಡಿದ. ಅವನ ಹೆಸರು ಶಿರಾ ದಾಟಿ ನಾಲ್ಕೂ ತಾಲ್ಲೂಕಿನದಾದದ್ದು ಆಗಲೇ, ಅದೂ ಒಂದು ಸೋಲಿನಿಂದ. ಆ ಸಲ ಕಪ್ಪಿನ ಫೈನಲ್ ಶಿರಾದಲ್ಲೇ. ಎದುರಿಗೆ ಪಾವಗಡ, ಅಷ್ಟು ಹೊತ್ತಿಗೆ ಹೆಸರು ಮಾಡಿದ್ದ ಅದೇ ಹಾಲೇಶ್. ಆಟ ಮುಗಿಯುವ ಸಮಯಕ್ಕೆ ಹಾಲೇಶ್ ಒದ್ದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು. ಕಾಟಪ್ಪ ಕವುಚಿ ಬಿದ್ದು ಹಿಡಿದ. ಚೆಂಡು ಗೆರೆಯ ಈಚೆ ಬಿತ್ತೋ ಆಚೆ ಬಿತ್ತೋ ರೆಫರಿಗೆ ಕಾಣಲಿಲ್ಲ. ಆಟ ಮುಂದುವರಿಸಿ ಎಂದು ಕೈ ಬೀಸಿದರು. ಕಾಟಪ್ಪ ಚೆಂಡು ಒದೆಯದೆ ಅವರ ಹತ್ತಿರ ನಡೆದು ಹೋದ. "ಗೆರೆ ದಾಟಿತ್ತು ಸಾರ್."

ಶಿರಾ ಸೋತಿತು. ತಂಡದವರು ಮಾತು ಬಿಟ್ಟರು. ಹಟ್ಟಿಗೆ ಬಂದು ಮುಖ ಕೆಳಗೆ ಹಾಕಿಕೊಂಡು ಕೂತ ಮಗನನ್ನು ಚಿಕ್ಕಹನುಮಕ್ಕ ಏನಾಯಿತೆಂದು ಕೇಳಿದಳು. ಹೇಳಿದ. ಅವಳಿಗೆ ಆಟ ಪೂರ್ತಿ ತಿಳಿಯುತ್ತಿರಲಿಲ್ಲ.

"ಯಾರ್ದು ಅದು, ನಿಮ್ದಾ?"

"ಪಾವಗಡದೋರ್ದು ಕಣವ್ವಾ."

"ಅವ್ರ್ದಾದ್ರೆ ಅವ್ರ್ಗೇ ಓಗ್ಲಿ ಬುಡು. ಅದ್ಕ್ಯಾಕೆ ಹಿಂಗ್ ಕುಂತಿದೀಯ?" ಎಂದು ಮುದ್ದೆ ತಿರುವಲು ಹೋದಳು.

ವಾರ ಕಳೆಯುವುದರಲ್ಲಿ ಪಾವಗಡದಿಂದ ಹಾಲೇಶ್ ಒಂದು ಚೀಲ ಹಸಿ ಕಡಲೆಕಾಯಿ ಹೊತ್ತುಕೊಂಡು ಹಟ್ಟಿಗೇ ಬಂದ. ಮಧುಗಿರಿಯವರು ತಮ್ಮೂರಿನ ಆಟಗಳಿಗೆ ತೀರ್ಪು ಹೇಳಲು ಕರೆದರು. ಕೊರಟಗೆರೆ ಕಡೆಯಿಂದ ಹೆಣ್ಣಿನ ಸಂಬಂಧವೇ ಬಂತು. ಗೌರಕ್ಕನ ತಂದೆ ಅವತ್ತು ಜನರ ನಡುವೆ ನಿಂತು ಆಟ ನೋಡಿದ್ದವನು. ಶಿರಾದವರ ಸಿಟ್ಟೂ ಹೆಚ್ಚು ದಿನ ನಿಲ್ಲಲಿಲ್ಲ. ಊರೂರಲ್ಲಿ "ನಿಮ್ಮ ಕಾಟಪ್ಪ" ಎಂದು ಕೇಳಿಸಿಕೊಂಡ ಮೇಲೆ ಅವರೇ ಎದೆ ಉಬ್ಬಿಸಿ ಹೇಳತೊಡಗಿದರು.

ಮಧುಗಿರಿಯ ಫೈನಲ್‌ಗೆ ಬರೋಣ.

ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಶಾಲು ಹೊದ್ದು ಕುರ್ಚಿಯಲ್ಲಿ ಕೂತ ಕಾಟಪ್ಪನ ಪಕ್ಕದಲ್ಲೇ ಇಸಾಕ್, ಈಗ ಕೋಲೂರಿಕೊಂಡು ನಡೆಯುವ ಮುದುಕ. ಮೈಕಿನಲ್ಲಿ ಉಮರ್, ಗಂಟಲು ಒಡೆದಿದ್ದರೂ ಉತ್ಸಾಹ ಹಾಗೇ ಇತ್ತು. ಪಾವಗಡದ ತಂಡಕ್ಕೆ ಹಾಲೇಶ್ ಕೋಚು. ಕೊರಟಗೆರೆಯ ತಂಡದಲ್ಲಿ ಕಾಟಪ್ಪನ ಮಗ ಸುನಿಲ್‌ಕುಮಾರ್. ಅವನು ಅಲ್ಲಿ ಕರೆಂಟ್ ಇಲಾಖೆಯ ಲೈನ್‌ಮನ್, ತಾಯಿಯ ತವರಿನ ಕಡೆಗೇ ಆಡುತ್ತಾನೆ. ಫಾರ್ವರ್ಡ್.

ಆಟ ಒಂದೊಂದು ಗೋಲಿಗೆ ನಿಂತಿತು. ಇನ್ನೇನು ಮುಗಿಯಬೇಕು ಎನ್ನುವಾಗ ಕೊರಟಗೆರೆಯ ಗೋಲ್‌ಕೀಪರ್ ಕಂಬಕ್ಕೆ ಡಿಕ್ಕಿ ಹೊಡೆದು ಮಣಿಕಟ್ಟು ಮುರಿದುಕೊಂಡ. ಅವನ ಬದಲಿಗೆ ಬರಬೇಕಾದ ಹುಡುಗ ಜ್ವರ ಬಂದು ಮನೆಯಲ್ಲಿದ್ದ. ಸೀಟಿ ಬಿತ್ತು. ಗೆದ್ದವರು ಯಾರೆಂದು ತೀರ್ಮಾನಿಸಲು ಇನ್ನು ಪೆನಾಲ್ಟಿ ಒದೆಯಬೇಕು. ಕೊರಟಗೆರೆಗೆ ಗೋಲ್‌ಕೀಪರ್ ಇಲ್ಲ. ಅವರು ಆಟ ಮುಂದೂಡಿ ಎಂದರು, ಪಾವಗಡದ ಹುಡುಗರು ಆಗಲ್ಲ, ಯಾರನ್ನಾದರೂ ನಿಲ್ಲಿಸಿ ಎಂದರು. ಕೂಗಾಟ ಜೋರಾಯಿತು. ರೆಫರಿ ರುದ್ರಮುನಿ ಮೇಷ್ಟ್ರು ಎರಡು ಗುಂಪಿನ ನಡುವೆ ಸಿಕ್ಕಿಕೊಂಡರು.

ಹಾಲೇಶ್ ಗುಂಪನ್ನು ಸರಿಸಿಕೊಂಡು ನಡುವೆ ಬಂದು ಪಾವಗಡದ ತೆಲುಗು ಬೆರೆತ ಕನ್ನಡದಲ್ಲಿ ಕೂಗಿದ.

"ಊರ್ಕೋಂಡ್ರಾ! ಸುಮ್ಕಿರ್ರಿ ಎಲ್ಲಾ. ಗೋಲಿಯೇ ಇಲ್ಲದ ತಂಡದ ಮ್ಯಾಲೆ ಗೆದ್ವಿ ಅಂತ ಪಾವಗಡಕ್ಕೆ ಹೆಂಗೆ ಹೋಗೋದು? ಅಗೋ ಅಲ್ಲಿ ಕುಂತವ್ನಲ್ಲ, ಅವ್ನೇ ನಿಲ್ಲಲಿ. ಎರಡೂ ಕಡೆಗೂ ಅವ್ನೇ. ನಮ್ಮೋರು ಒದ್ರೂ ಅವ್ನೇ ಹಿಡೀಲಿ, ಅವ್ರು ಒದ್ರೂ ಅವ್ನೇ ಹಿಡೀಲಿ. ಆಗ ಯಾರೂ ಕ್ಯಾತೆ ತೆಗ್ಯಂಗಿಲ್ಲ."

ಅವನ ಬೆರಳು ಕಾಟಪ್ಪನ ಕಡೆಗಿತ್ತು.

ಜನ ಎದ್ದು ನಿಂತು ಕೇಕೆ ಹಾಕಿದರು. ಪಾವಗಡದ ಹುಡುಗನೊಬ್ಬ ಮಾತ್ರ ಕೇಳಿದ. "ಸಾರ್, ಆ ಲೈನ್‌ಮನ್ ಅವ್ನ ಕೊಡುಕು ಅಲ್ವಾ?"

"ಅವುನು, ಮಗನೇ. ಅಯಿತೇ ಏಮಿ, ಏನೀಗ?" ಎಂದ ಹಾಲೇಶ್.

ಕಾಟಪ್ಪ ಕುರ್ಚಿಯಿಂದ ಏಳಲಿಲ್ಲ. ಒಲ್ಲೆ ಎಂದರೆ ಯಾರೂ ಬೇಸರಪಡುವುದಿಲ್ಲ, ಮಂಡಿನೋವು ಎಂದರೆ ಸಾಕು. ಹೆಸರು ಶಾಲಿನೊಳಗೆ ಬೆಚ್ಚಗೆ ಇರುತ್ತದೆ. ನಿಂತರೆ, ಮಗನ ಕಾಲಿಂದ ಬಂದ ಒಂದೇ ಒಂದು ಚೆಂಡು ಒಳಗೆ ಹೋದರೂ ಇಷ್ಟು ವರ್ಷ ಯಾರೂ ಆಡದ ಮಾತನ್ನು ಜನ ಆಡಬಹುದು. ಅಷ್ಟರಲ್ಲಿ ಸುನಿಲನೇ ಓಡಿ ಬಂದ. ಮೈಯೆಲ್ಲ ಬೆವರು.

"ಅಪ್ಪಾ, ಒಪ್ಕಬ್ಯಾಡ."

"ಯಾಕ್ಲಾ?"

"ಹಿಡುದ್ರೆ ಕೊರಟಗೆರೇರು ನನ್ನ ಬೈತಾರೆ, ಬುಟ್ರೆ ಪಾವಗಡದೋರು ನಿನ್ನ ಬೈತಾರೆ. ಯಾಕ್ ಬೇಕು ನಿಂಗೆ ಈ ವಯಸ್ನಾಗೆ?"

"ಅಂಗಾದ್ರೆ ನಾನು ನಿಲ್ಲಲ್ಲ ಅಂದ್ರೆ ಜನ ಏನಂತಾರೆ? ಮಗನ್ ಮುಂದೆ ನಿಲ್ಲಾಕೆ ಅವ್ನಿಗೇ ಅವ್ನ ಮ್ಯಾಲೆ ನಂಬಿಕೆ ಇಲ್ಲ ಅನ್ನಲ್ವಾ?"

ಇಸಾಕ್ ಕೋಲಿನಿಂದ ಕಾಟಪ್ಪನ ಕಾಲನ್ನು ತಟ್ಟಿ, "ಏಳು ಬೇಟಾ, ಕಾಯಿಸ್ಬೇಡ" ಎಂದ. ಕಾಟಪ್ಪ ಶಾಲು ತೆಗೆದು ಮುದುಕನ ತೊಡೆಯ ಮೇಲಿಟ್ಟ. ಪಂಚೆಯನ್ನು ಬಿಗಿಯಾಗಿ ಕಚ್ಚೆ ಹಾಕಿದ. ಪಾವಗಡದ ಗೋಲ್‌ಕೀಪರ್ ಓಡಿ ಬಂದು ತನ್ನ ಕೈಗವಸು ಕೊಟ್ಟ. ಹಾಕಿಕೊಂಡು ನೋಡಿ, ಬಿಗಿಯಾಯಿತೆಂದು ವಾಪಸ್ ಕೊಟ್ಟ. ಬರಿಗೈಯಲ್ಲೇ ಕಂಬಗಳ ನಡುವೆ ನಡೆದ.

"ನೋಡಿ ಸ್ವಾಮೀ ನೋಡಿ!" ಎಂದು ಉಮರ್ ಮೈಕಿನಲ್ಲಿ ಕಿರುಚಿದ. "ಮುಖ್ಯ ಅತಿಥಿಗಳು ಭಾಷಣ ಮಾಡೋ ಬದ್ಲು ಕಚ್ಚೆ ಕಟ್ಟಿದಾರೆ! ದೀವಾರ್‌ಗೆ ಸುಣ್ಣ ಹಳೇದಾಗಿರ್ಬೋದು, ಇಟ್ಟಿಗೆ ಗಟ್ಟಿ!"

ಮೊದಲು ಒದ್ದದ್ದು ಪಾವಗಡ. ಒಳ್ಳೆ ಮೂಲೆಗೆ ಹೋಯಿತು, ಗೋಲು. ಕೊರಟಗೆರೆಯದೂ ಹೋಯಿತು. ಕಾಟಪ್ಪನ ಮೈ ಇನ್ನೂ ಬಿಚ್ಚಿಕೊಂಡಿರಲಿಲ್ಲ. ಅರ್ಧ ನಗು, ಅರ್ಧ ಕನಿಕರದ ಸದ್ದು ಎದ್ದಿತು. ಮೂರನೆಯವನು ಓಡಿ ಬರುವಾಗ ಕಾಟಪ್ಪ ಎಡಕ್ಕೆ ಅರ್ಧ ಹೆಜ್ಜೆ ಸರಿದು ಬಲಕ್ಕೆ ಸಂದಿ ತೋರಿಸಿದ. ಚೆಂಡು ಅಲ್ಲಿಗೇ ಬಂತು. ಇವನೂ ಅಲ್ಲಿಗೇ ಹಾರಿ ಎದೆಗೆ ಅವುಚಿಕೊಂಡು ನೆಲಕ್ಕೆ ಉರುಳಿದ. "ಮರಿ ಸಿಕ್ತು!" ಎಂದು ಹಿರಿಯರು ಶುರುಮಾಡಿದ ಕೂಗನ್ನು ಹುಡುಗರು ಎತ್ತಿಕೊಂಡರು. ಮುಂದಿನದು ಕೊರಟಗೆರೆಯದು. ಅದನ್ನೂ ಹಿಡಿದ. ಆಗ ಪಾವಗಡದವರೇ ಎಲ್ಲರಿಗಿಂತ ಜೋರಾಗಿ ಕೂಗಿದರು. ಹೀಗೆ ಒಂದು ಕಡೆಯದನ್ನು ಹಿಡಿದರೆ ಇನ್ನೊಂದು ಕಡೆ, ಆ ಕಡೆಯದನ್ನು ಹಿಡಿದರೆ ಈ ಕಡೆ ಕೂಗುತ್ತಾ ಇಡೀ ಮೈದಾನ ಸರದಿಯಂತೆ ಅವನದಾಯಿತು. ಆಟ ಬಿಟ್ಟ ಮೇಲೆ ಕಾಟಪ್ಪನ ರಕ್ತ ಎಂದೂ ಅಷ್ಟು ಬಿಸಿಯಾಗಿರಲಿಲ್ಲ.

ಪಾವಗಡದವರ ಸರದಿಯೆಲ್ಲ ಮುಗಿಯಿತು. ಎರಡೂ ಕಡೆ ಸಮ. ಕೊರಟಗೆರೆಗೆ ಒಂದೇ ಒದೆ ಉಳಿದಿತ್ತು. ಗೋಲಾದರೆ ಕಪ್ಪು ಅವರದು. ಚೆಂಡು ಇಡಲು ಸುನಿಲ್‌ಕುಮಾರ್ ಬಂದ.

ಉಮರ್ ಮೈಕನ್ನು ಬಾಯಿಂದ ಕೆಳಗಿಳಿಸಿದ.

ಚಿಕ್ಕಂದಿನಲ್ಲಿ ಸುನಿಲ ಕೆರೆಯಂಗಳದಲ್ಲಿ ಅಪ್ಪನ ಎದುರು ಎಷ್ಟೋ ಸಂಜೆ ಚೆಂಡು ಒದ್ದಿದ್ದ. ಬೇರೆ ಅಪ್ಪಂದಿರು ಮಗು ನಗಲಿ ಎಂದು ಒಂದಾದರೂ ಬಿಡುತ್ತಾರೆ. ಕಾಟಪ್ಪ ಬಿಟ್ಟವನಲ್ಲ. ಹುಡುಗ ಅಳುತ್ತಾ ಮನೆಗೆ ಬಂದು, ಮರುದಿನ ಮತ್ತೆ ಚೆಂಡು ಹಿಡಿದು ಹೋಗುತ್ತಿದ್ದ. ದೊಡ್ಡವನಾಗಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಮಗುವಿನ ಅಪ್ಪನಾದ ಮೇಲೂ ಅಪ್ಪನ ಮೇಲೆ ಅವನದೊಂದು ಗೋಲು ಇರಲಿಲ್ಲ.

ಈಗ ಅವನು ಚೆಂಡಿಟ್ಟು ಹಿಂದಕ್ಕೆ ನಡೆದ. ತಲೆ ಎತ್ತಲಿಲ್ಲ. ಕಾಟಪ್ಪ ಎಡಕ್ಕೆ ಸರಿದು ಬಲಕ್ಕೆ ಸಂದಿ ತೋರಿಸಿದ. ಆದರೆ ಅದನ್ನು ಕಂಡು ಬೆಳೆದ ಹುಡುಗ ಅಲ್ಲಿಗೆ ಒದೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸುನಿಲ ಓಡಿ ಬಂದ. ಸೊಂಟ ಹೊರಳಿತು. ಎಡಕ್ಕೇ! ಕಾಟಪ್ಪ ಮೈಯೆಲ್ಲ ಚಾಚಿ ಎಡಕ್ಕೆ ಹಾರಿದ. ಬೆರಳಿಗೆ ಚೆಂಡು ತಾಗಿತು. ತಾಗಿಯೂ ನಿಲ್ಲದೆ, ಕಂಬದ ಒಳಮೈಗೆ ಬಡಿದು ಬಲೆಯೊಳಗೆ ಹೋಯಿತು.

ಕೊರಟಗೆರೆಯವರೂ ಒಮ್ಮೆಗೇ ಕೂಗಲಿಲ್ಲ. ಮಣ್ಣಿನಲ್ಲಿ ಮುಖ ಹುದುಗಿಸಿ ಬಿದ್ದಿದ್ದ ಕಾಟಪ್ಪನಿಗೆ ಆ ಮೌನ ಕೇಳಿಸಿತು. ಆಮೇಲೆ ಗುಂಪಿನ ಹಿಂದಿನಿಂದ ಯಾರೋ ಹೇಳಿದರು.

"ಮಗನ್ಗೆ ಬುಟ್ಟ ಕಣ್ಲಾ."

ಕಾಟಪ್ಪ ಎದ್ದು ಕೂತ. ನಾಲ್ಕು ತಾಲ್ಲೂಕಿನಲ್ಲಿ ಮೊದಲ ಸಲ ಕಿವಿಗೆ ಬಿದ್ದ ಮಾತು. ಏನು ಹೇಳಿದರೂ ಅದು ಅಳಿಸುವ ಮಾತಾಗಿರಲಿಲ್ಲ. ಬಿಟ್ಟಿಲ್ಲ ಎಂದು ಯಾರಿಗೆ ತೋರಿಸುವುದು, ಹೇಗೆ ತೋರಿಸುವುದು? ಸುನಿಲನ ಮುಖ ಕೆಂಪೇರಿತ್ತು. ಬಲೆಯಿಂದ ಚೆಂಡು ತೆಗೆದುಕೊಂಡು ಬಂದು ಮತ್ತೆ ಅದೇ ಜಾಗದಲ್ಲಿ ಇಟ್ಟ. "ಇನ್ನೊಂದ್ಸಲ ಒದೀತೀನಿ. ಎಲ್ರೂ ನೋಡಿ."

"ಎತ್ತು ಅದುನ್ನ," ಎಂದ ಕಾಟಪ್ಪ. ಕೂತಲ್ಲಿಂದಲೇ ಹೇಳಿದರೂ ಮಾತು ಗಟ್ಟಿಯಾಗಿತ್ತು. "ಗೋಲಾಗೈತೆ. ಇನ್ನೊಂದ್ ಸಲ ಒದ್ರೆ ನೀನೇ ನನ್ನ ಮ್ಯಾಲೆ ಅನುಮಾನ ಪಟ್ಟಂಗೆ. ನಿನ್ ಗೋಲ್ನ ನೀನೇ ಕಳ್ಕಂಡಂಗೆ."

ರುದ್ರಮುನಿ ಮೇಷ್ಟ್ರು ಸೀಟಿಯನ್ನು ಬಾಯಿಗೆ ಇಡುವುದೋ ಬೇಡವೋ ಎಂದು ನಿಂತಿದ್ದರು. ಅಷ್ಟರಲ್ಲಿ ಪಾವಗಡದ ಕಡೆಯಿಂದ ಹಾಲೇಶ್ ಮೈದಾನ ದಾಟಿ ಬಂದ. ಅವನು ಬೇಡ ಎಂದಿದ್ದರೆ ಗೋಲು ನಿಲ್ಲುತ್ತಿರಲಿಲ್ಲ. ಅವನ ಹುಡುಗರೆಲ್ಲ ಅದನ್ನೇ ಕಾಯುತ್ತಿದ್ದರು. ಅವನು ಕಾಟಪ್ಪನ ಎದುರು ಕುಕ್ಕರಗಾಲಲ್ಲಿ ಕೂತ.

"ಯಾವ ಕಡೆ ಸಂದಿ ತೋರ್ಸಿದ್ದೆ?"

"ಬಲಕ್ಕೆ."

"ಅವ್ನು ಎಡಕ್ಕೆ ಒದ್ದ."

"ಒದೀತಾನೆ ಅಂತ ಗೊತ್ತಿತ್ತು. ಎಡಕ್ಕೇ ಬಿದ್ದೆ."

"ಮತ್ತೆ?"

"ನಂಗಿಂತ ಬಿರ್ರನೆ ಬಂತು ಕಣಪ್ಪಾ," ಎಂದ ಕಾಟಪ್ಪ.

ಹಾಲೇಶ್ ಅವನ ಎಡಗೈ ಹಿಡಿದು ಎತ್ತಿದ. ನಡುಬೆರಳು ಹಿಂದಕ್ಕೆ ಮಡಿಸಿಕೊಂಡು ಆಗಲೇ ಊದುತ್ತಿತ್ತು. ಕಾಟಪ್ಪ ಅಲ್ಲಿಯವರೆಗೆ ಅದನ್ನು ನೋಡಿಕೊಂಡಿರಲಿಲ್ಲ. ನೋಡಿದ ಮೇಲೆ ನೋವು ಹತ್ತಿತು. ಹಾಲೇಶ್ ಆ ಕೈಯನ್ನು ಹಾಗೇ ಮೇಲೆ ಹಿಡಿದು ತನ್ನ ಊರ ಜನರ ಕಡೆ ತಿರುಗಿದ.

"ಇಪ್ಪತ್ತು ವರ್ಷ ಈ ಮನುಷ್ಯನ್ ಎದುರ್ಗೆ ಒದ್ದಿದೀನಿ ಕಣ್ರೋ! ಬುಡೋ ಆಳಾಗಿದ್ರೆ ನಂಗ್ಯಾಕೆ ಒಂದೂ ಬುಡ್ಲಿಲ್ಲ? ಬುಡೋನು ಯಾವನಾದ್ರೂ ಬೆಳ್ಳು ಮುರ್ಕೋತಾನಾ? ಅದು ಆ ಹುಡ್ಗ ಒದ್ದ ಗೋಲು. ನಾವು ಸೋತ್ವಿ. ಮೇಷ್ಟ್ರೇ, ಊದಿ ಸೀಟಿ!"

ಮೇಷ್ಟ್ರು ಸೀಟಿ ಊದಿದರು. ಆಮೇಲೆ ಎದ್ದ ಸದ್ದಿನಲ್ಲಿ ಯಾವ ಊರಿನವರು ಏನು ಕೂಗಿದರು ಎಂದು ಗೊತ್ತಾಗಲಿಲ್ಲ. ಕೊರಟಗೆರೆಯ ಹುಡುಗರು ಸುನಿಲನನ್ನು ಎತ್ತಿಕೊಂಡರು. ಪಾವಗಡದ ಹುಡುಗರು, ಮೊದಲು ಅನುಮಾನದ ಪ್ರಶ್ನೆ ಕೇಳಿದವನೂ ಸೇರಿ, ಬೇಡ ಬೇಡ ಎಂದರೂ ಕೇಳದೆ ಕಾಟಪ್ಪನನ್ನು ಎತ್ತಿಕೊಂಡರು. ಮೇಲಿದ್ದ ಅಪ್ಪ ಮಗ ಇಬ್ಬರೂ ಜನರ ತಲೆಗಳ ಮೇಲಿಂದ ಒಬ್ಬರನ್ನೊಬ್ಬರು ನೋಡಿದರು. ಸುನಿಲ ಅಳುತ್ತಿದ್ದ. ಕಾಟಪ್ಪ ಊದಿದ ಬೆರಳಿನ ಕೈಯನ್ನೇ ಎತ್ತಿ ಅವನ ಕಡೆ ಬೀಸಿದ.

ಸಂಜೆ ಮಧುಗಿರಿಯ ಒಂದು ಕ್ಲಿನಿಕ್ಕಿನಲ್ಲಿ ಅಪ್ಪ ಮಗ ಬೆಂಚಿನ ಮೇಲೆ ಸರದಿಗೆ ಕೂತಿದ್ದಾಗ ಗೌರಕ್ಕನ ಫೋನು ಬಂತು. ಹಟ್ಟಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಎಗರಬ್ಯಾಡ ಅಂದಿದ್ನಲ್ಲ!"

"ಹೂಂ."

"ಬೆಳ್ಳು ಮುರ್ಕಂಡಿದೀಯಂತೆ?"

"ಹೂಂ."

ಆಮೇಲೆ ಅವಳ ದನಿ ತಗ್ಗಿತು. "ಸುನಿ ಗೋಲ್ ಹೊಡ್ದ್ನಂತೆ. ಒಂದ್ ಮಾತು ನಿಜ ಹೇಳು, ನಾನು ಯಾರ್ಗೂ ಹೇಳಲ್ಲ. ನೀನೇ ಬುಟ್ಯಾ?"

ಕಾಟಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಬೆರಳು ಜಗ್ಗುತ್ತಿತ್ತು. "ಅಲ್ಲ ಕಣೇ, ಮುವ್ವತ್ತು ವರ್ಷ ಸಂಸಾರ ಮಾಡಿ ನೀನೂ ಕೇಳ್ತೀಯಲ್ಲೇ? ಬುಟ್ಟಿಲ್ಲ. ಹೊಡ್ದ. ಹೆಂಗ್ ಹೊಡ್ದ ಅಂತೀಯ! ಮನೆಗೆ ಬಂದು ಹೇಳ್ತೀನಿ ಇರು."

ಒಳಗೆ ಕರೆದರು. ಪಟ್ಟಿ ಕಟ್ಟಲು ಬಂದ ಕಾಂಪೌಂಡರು ಬೆರಳನ್ನು ತಿರುಗಿಸಿ ನೋಡಿ, ಏನಾಯ್ತಜ್ಜ, ಎಲ್ಲಾದರೂ ಬಿದ್ದಿರಾ ಎಂದು ಕೇಳಿದ. ಅವನು ಹೊಸಬ, ಬೇರೆ ಕಡೆಯವನು, ಕಾಟಪ್ಪ ಯಾರೆಂದು ತಿಳಿಯದವನು.

"ಇಲ್ಲ ಸಾರ್, ಇವ್ನೇ ಮುರ್ದಿದ್ದು," ಎಂದು ಕಾಟಪ್ಪ ಇನ್ನೊಂದು ಕೈಯಿಂದ ಸುನಿಲನನ್ನು ತೋರಿಸಿದ. "ನನ್ಮಗ."

ಕಾಂಪೌಂಡರು ಗಾಬರಿಯಾಗಿ ಇಬ್ಬರ ಮುಖವನ್ನೂ ನೋಡಿದ. ಬಾಗಿಲ ಆಚೆ ಬೆಂಚಿನ ಮೇಲಿದ್ದವರಿಗೂ ಕೇಳಲೆಂದು ಕಾಟಪ್ಪ ಅದನ್ನೇ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ.